ಸೀಟಿ ಊದದ ಬೀದಿ

ನನ್ನ ಇಸ್ತ್ರಿ ಅಂಗಡಿಗೆ ಹೊಸದಾಗಿ ಬಂದವರು ಬಟ್ಟೆ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ‘ಅಲ್ಲಮ್ಮ, ಇದ್ದಿಲ ಚೀಲ ಯಾಕೆ ತೊಲೆಗೆ ನೇತುಹಾಕಿದ್ದೀಯ?’ ಚೀಲ ಒಂದೇ ಏನು, ನನ್ನ ಮೇಜಿನ ನಾಲ್ಕು ಕಾಲಿನಡಿಗೂ ಮೂರು ಮೂರು ಇಟ್ಟಿಗೆ ಇವೆ, ಬಟ್ಟೆಗಂಟುಗಳು ಎದೆಮಟ್ಟದ ಹಲಗೆಯ ಮೇಲಿವೆ, ನನ್ನ ಚಪ್ಪಲಿ ಗೋಡೆಯ ಮೊಳೆಗೆ ತೂಗುತ್ತಿವೆ. ‘ದೇವೀರಕ್ಕನ ನೀರು ಬರುತ್ತಲ್ಲ, ಅದಕ್ಕೆ’ ಅನ್ನುತ್ತೇನೆ. ಬೇರೆ ಬೀದಿಯವರಾದರೆ ‘ಓಹೋ’ ಎಂದು ಬಟ್ಟೆ ಕೊಟ್ಟು ಹೋಗುತ್ತಾರೆ. ಬೇರೆ ಊರಿನವರು ತಲೆ ಎತ್ತಿ ಮಾಡು ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತಾರೆ. ಆ ನೀರು ಬರುವುದು ಕೆಳಗಿನಿಂದ.

ನಮ್ಮೂರಿನಲ್ಲಿ ಒಬ್ಬರ ಮೇಲೆ ಬಂದೆರಗಿದ್ದು ಅವರ ಎದೆಯೊಳಗೇ ಇದ್ದುಬಿಡುವುದಿಲ್ಲ. ಆಗೀಗ ಅವರು ನಿಂತ ಜಾಗದಲ್ಲಿ ಹೊರಗೆ ಬರುತ್ತದೆ. ಶಾಲೆಯ ಹೆಡ್‌ಮೇಡಂ ಸುಲೋಚನಾ ಚಿಕ್ಕವರಿದ್ದಾಗ ಅವರ ಕೇರಿಯ ಗುಡಿಸಲುಗಳಿಗೆ ಬೆಂಕಿ ಇಟ್ಟಿದ್ದರು. ಇವತ್ತಿಗೂ ಅವರೆದುರು ಯಾರಾದರೂ ಬೆಂಕಿಕಡ್ಡಿ ಗೀರಿದರೆ ಕೋಣೆ ತುಂಬ ಹೊಗೆ. ಮಕ್ಕಳು ಎದ್ದು ಕಿಟಕಿ ತೆಗೆದು, ಮಗ್ಗಿ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತಾರೆ. ಬೆಂಕಿ ಇಟ್ಟವರ ಮೊಮ್ಮಕ್ಕಳೂ ಅದೇ ತರಗತಿಯಲ್ಲಿದ್ದಾರೆ. ಅವರನ್ನು ಮೇಡಂ ಕಿಟಕಿಯ ಪಕ್ಕವೇ ಕೂರಿಸಿದ್ದಾರೆ. ನನ್ನದು ಬಳೆಚೂರು. ನನ್ನ ಹತ್ತಿರ ಯಾರಾದರೂ ಸರಕ್ಕನೆ ಕೈ ಎತ್ತಿದರೆ ಹಸಿರು ಗಾಜಿನ ಚೂರುಗಳು ನನ್ನ ಕಾಲ ಸುತ್ತ ಉದುರುತ್ತವೆ. ಗುಡಿಸಿ ಹಾಕುತ್ತೇನೆ. ಕೈ ಎತ್ತುತ್ತಿದ್ದವನು ಊರು ಬಿಟ್ಟು ಹನ್ನೆರಡು ವರ್ಷವಾಯಿತು. ಆ ವಿಷಯ ಅಷ್ಟು ಸಾಕು.

ದೇವೀರಕ್ಕ ನನ್ನ ಅಂಗಡಿಯ ಪಕ್ಕದ ಒಂಟಿ ಕೋಣೆಯಲ್ಲಿ ಬಾಡಿಗೆಗೆ ಇರುವವಳು. ಹನ್ನೊಂದು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದಳು. ಅವಳ ಬಸ್ಸು ಹತ್ತುವುದೆಂದರೆ ಮದುವೆ ಮನೆಗೆ ಹೋದ ಹಾಗೆ. ಬಾಗಿಲಲ್ಲಿ ಜೋತಾಡುವ ಕಾಲೇಜು ಹುಡುಗರಿಗೆ ‘ಒಳಗೆ ಬರ್ರಪ್ಪ, ನಿಮ್ಮಮ್ಮಂದಿರು ನಿಮ್ಮನ್ನ ಬಾಗಿಲಿಗೆ ತೋರಣ ಕಟ್ಟೋಕೆ ಹೆತ್ತಿಲ್ಲ’ ಅನ್ನುತ್ತಿದ್ದಳು. ನಿದ್ದೆ ಹೋದವರನ್ನು ಅವರವರ ಊರು ಬಂದಾಗ ಭುಜ ತಟ್ಟಿ ಎಬ್ಬಿಸುತ್ತಿದ್ದಳು. ಯಾರ ಊರು ಯಾವುದು ಅನ್ನುವುದು ಅವಳಿಗೆ ಬಾಯಿಪಾಠ.

ನಾಲೆಯ ಸೇತುವೆಯ ತಡೆಗೋಡೆ ಬಿದ್ದು ಒಂದೂವರೆ ವರ್ಷವಾಗಿತ್ತು. ಸುತ್ತಲ ಹಳ್ಳಿಯವರು ನಾಲ್ಕು ಸಲ ಅರ್ಜಿ ಕೊಟ್ಟಿದ್ದರು, ನಾಲ್ಕಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿತ್ತು. ಆ ದಿನ ಎದುರಿಂದ ಕಬ್ಬಿನ ಲಾರಿ ಬಂತೆಂದು ಡ್ರೈವರ್ ಬಸ್ಸನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಲಾರಿ ದಾಟಿತು. ಹಿಂದಿನ ಬಾಗಿಲಲ್ಲಿದ್ದ ದೇವೀರಕ್ಕ ಬಗ್ಗಿ ನೋಡಿ ಎರಡು ಸಲ ಸೀಟಿ ಊದಿದಳು. ಎರಡು ಸೀಟಿ ಅಂದರೆ ಹೊರಡು ಅಂತ. ಬಸ್ಸು ಹೊರಟಿತು, ಅಂಚು ಕುಸಿಯಿತು. ಒಂಬತ್ತು ಜನ ನೀರಿನಲ್ಲಿ ಹೋದರು. ವಿಚಾರಣೆ ನಡೆದು, ತಪ್ಪು ಯಾರದ್ದು ಎಂಬ ಪುಟದಲ್ಲಿ ಡ್ರೈವರನ ಹೆಸರು ಬರೆದರು. ಅವನು ಆ ಒಂಬತ್ತರಲ್ಲಿ ಒಬ್ಬ. ಸತ್ತವನು ಮೇಲ್ಮನವಿ ಹಾಕುವುದಿಲ್ಲವಲ್ಲ. ತಡೆಗೋಡೆ ಮಾತ್ರ ಆಮೇಲೆ ಹದಿನೈದೇ ದಿನದಲ್ಲಿ ಎದ್ದಿತು.

ದೇವೀರಕ್ಕ ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಬೀದಿಯ ತುದಿಯಲ್ಲಿ ಬಸ್ಸೊಂದರ ಸೀಟಿ ಕೇಳಿತು. ನನ್ನ ಅಂಗಡಿಯ ನೆಲ ಒದ್ದೆಯಾಯಿತು. ಇನ್ನೊಂದು ಸೀಟಿಗೆ ನೀರು ಮೊಣಕಾಲಿಗೆ ಬಂತು. ಕೆಸರುಬಣ್ಣದ ನಾಲೆ ನೀರು, ಡೀಸೆಲ್ ವಾಸನೆ, ಮೇಲೆ ತೇಲುವ ಟಿಕೆಟ್ ಚೂರುಗಳು. ಪಕ್ಕದ ಕೋಣೆಯಲ್ಲಿ ಅವಳು ಕಿಟಕಿಯ ಸರಳು ಹಿಡಿದುಕೊಂಡು, ಇಲ್ಲದ ಜನರನ್ನು ಎಳೆದುಕೊಳ್ಳುವವಳ ಹಾಗೆ ಒಂದು ಕೈ ಹಿಂದಕ್ಕೆ ಚಾಚಿ ನಿಂತಿದ್ದಳು. ಅರ್ಧ ಗಂಟೆಗೆ ನೀರು ಇಳಿಯಿತು. ನನ್ನ ಇದ್ದಿಲೆಲ್ಲ ತೊಯ್ದು ಹೋಗಿತ್ತು, ಯಾರದೋ ಹೊಸ ಪಂಚೆಯೂ. ಮಾರನೆಯ ದಿನವೇ ಇಟ್ಟಿಗೆ ತಂದೆ.

ಯಾರೂ ಯಾರಿಗೂ ಹೇಳಲಿಲ್ಲ, ಆದರೆ ಬೀದಿ ಹೊಂದಿಕೊಂಡಿತು. ಎದುರಿನ ಪಂಕ್ಚರ್ ಅಂಗಡಿಯ ದಾದಾಪೀರ್ ಬಸ್ ನಿಲ್ದಾಣಕ್ಕೆ ಹೋಗಿ ಅದೇನು ಮಾತಾಡಿದನೋ, ನಮ್ಮ ಬೀದಿಗೆ ಬರುವ ಬಸ್ಸುಗಳ ಕಂಡಕ್ಟರುಗಳು ಸೀಟಿ ಬಿಟ್ಟು ಬಸ್ಸಿನ ಮೈ ತಟ್ಟತೊಡಗಿದರು. ಸುಲೋಚನಾ ಮೇಡಂ ಡ್ರಿಲ್ ಪೀರಿಯಡ್ಡಿಗೆ ಸೀಟಿ ನಿಲ್ಲಿಸಿ ಚಪ್ಪಾಳೆ ಶುರುಮಾಡಿದರು. ಹೆಂಗಸರು ಕುಕ್ಕರುಗಳನ್ನು ಅಟ್ಟಕ್ಕೆ ಎಸೆದು ಬೇಳೆ ಬೇಯಿಸಲು ಪಾತ್ರೆಗೆ ಮರಳಿದರು. ಸಾರಿನ ರುಚಿ ಹೆಚ್ಚಿತೆಂದು ಗಂಡಸರು ಹೊಗಳಿದ್ದಕ್ಕೆ ‘ಹಾಗಾದ್ರೆ ನೀವೇ ಕೂತು ಬೇಯಿಸಿ’ ಎಂದು ಬೈಸಿಕೊಂಡರು. ಆದರೂ ತಪ್ಪಿ ಎಲ್ಲಿಂದಲೋ ಒಂದು ಸೀಟಿ ಬಂದೇ ಬರುತ್ತಿತ್ತು, ನೀರೂ ಬರುತ್ತಿತ್ತು. ಇಳಿದ ಮೇಲೆ ಉಳಿಯುವ ಮೆಕ್ಕಲನ್ನು ಗೋರಿ ಕರಿಬೇವಿನ ಗಿಡಗಳಿಗೆ ಹಾಕುತ್ತಿದ್ದೆವು. ದೇವೀರಕ್ಕ ಬಾಗಿಲಲ್ಲಿ ನಿಂತು ‘ನನ್ನಿಂದ ನಿಮಗೆಲ್ಲ ಎಷ್ಟು ಕಾಟ’ ಅನ್ನುವಳು. ‘ನಿನ್ನಿಂದ ಬೀದಿಗೆ ಒಗ್ಗರಣೆ ಬಂತು ಬಿಡಕ್ಕ’ ಅನ್ನುವನು ದಾದಾಪೀರ್.

ಹೀಗೆ ಮೂರು ವರ್ಷ. ಆಮೇಲೆ ಡಿಪೊದಿಂದ ಕಾಗದ ಬಂತು. ತಿಂಗಳೊಳಗೆ ಕೆಲಸಕ್ಕೆ ಹಾಜರಾಗಬೇಕು, ಇಲ್ಲವೆಂದರೆ ಅಂಗವೈಕಲ್ಯದ ಸರ್ಟಿಫಿಕೇಟು ತರಬೇಕು. ಸರ್ಟಿಫಿಕೇಟು ಇದ್ದರೆ ಬಸ್ಸು ಹತ್ತದೆ ಮಾಡುವ ಬೇರೆ ಕೆಲಸ ಕೊಡಬೇಕೆಂದು ಕಾನೂನಿದೆ. ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ದೊಡ್ಡಾಸ್ಪತ್ರೆಯ ಮನೋವೈದ್ಯರು ಆಗಲೇ ಬರೆದುಕೊಟ್ಟಿದ್ದರು: ಆಘಾತದ ನಂತರದ ಒತ್ತಡದ ಕಾಯಿಲೆ. ಆ ಚೀಟಿ ಹಿಡಿದು ನಾನೂ ಅವಳೂ ಸರ್ಟಿಫಿಕೇಟು ಕೊಡುವ ಕಚೇರಿಗೆ ಹೋದೆವು. ಗುಮಾಸ್ತ ಶೇಷಗಿರಿ ಅವಳನ್ನು ಮೇಲಿಂದ ಕೆಳಗೆ ನೋಡಿದ.

‘ಕೈ ಇದೆ, ಕಾಲಿದೆ, ಕಣ್ಣಿದೆ. ಏನಿಲ್ಲ ಅಂತ ಬರೀಲಿ?’

‘ಅದರಲ್ಲೇ ಬರೆದಿದೆಯಲ್ಲ ಸಾರ್’ ಅಂದೆ.

‘ಬರೆದದ್ದು ಕಾಣುತ್ತೆ ಕಣಮ್ಮ. ಕಾಯಿಲೆ ಕಾಣ್ತಿಲ್ಲ.’

ನನ್ನ ಬಾಯಿ ಸುಮ್ಮನಿರಬೇಕಿತ್ತು. ಇರಲಿಲ್ಲ. ‘ಅವಳಿಗೆ ನೀರು ಬರುತ್ತೆ ಸಾರ್, ಮೊಣಕಾಲುದ್ದ!’ ಎಂದುಬಿಟ್ಟೆ. ಅವನು ಪೆನ್ನಿನ ಮುಚ್ಚಳ ಹಾಕಿದ. ‘ಹಾಗೆ ಹೇಳಿ ಮತ್ತೆ. ನೀರು ತೋರಿಸಿ, ಬರೆದುಕೊಳ್ತೀನಿ.’ ಎಲ್ಲ ತಪ್ಪಿದ್ದು ಅಲ್ಲಿ. ಅವತ್ತಿನಿಂದ ದೇವೀರಕ್ಕನ ಫೈಲಿನಲ್ಲಿ ದೇವೀರಕ್ಕ ಹೋಗಿ ನೀರು ಕೂತಿತು. ಫೈಲು ಮೊದಲು ನೀರು ಸರಬರಾಜಿನವರಲ್ಲಿಗೆ ಹೋಗಿ, ‘ಸದರಿ ಮನೆಯಲ್ಲಿ ನಲ್ಲಿ ಸೋರಿಕೆ ಇಲ್ಲ’ ಎಂಬ ಷರಾ ಹೊತ್ತು ಬಂತು. ಆಮೇಲೆ ಸ್ಥಳ ಪರಿಶೀಲನೆಗೆ ಒಬ್ಬ ಸಾಹೇಬರನ್ನು ಕಳಿಸುತ್ತೇವೆ ಎಂದರು.

ಸಾಹೇಬರು ಬರುವ ದಿನ ನಾನು ಮನೆಮನೆಗೆ ಹೋಗಿ ‘ಇವತ್ತು ಎಂದಿನ ಹಾಗೇ ಇರಿ, ನಾಟಕ ಬೇಡ’ ಎಂದು ಹೇಳಿಬಂದಿದ್ದೆ. ನಮ್ಮ ಎಂದಿನ ಹಾಗೆ ಅಂದರೆ ಏನಾಗಿದೆ ಅನ್ನುವುದನ್ನು ನಾನೇ ಮರೆತಿದ್ದೆ. ಬಸ್ಸು ತಿರುವಿನಲ್ಲೇ ಎಂಜಿನ್ ಆರಿಸಿಕೊಂಡು ಇಳಿಜಾರಿನಲ್ಲಿ ತೇಲಿ ಬಂತು. ಕಂಡಕ್ಟರ್ ಮಗುವಿನ ಬೆನ್ನು ತಟ್ಟಿದ ಹಾಗೆ ಬಸ್ಸನ್ನು ತಟ್ಟಿದ. ಶಾಲೆಯಿಂದ ಚಪ್ಪಾಳೆ ಕೇಳಿಸಿತು. ಐಸ್‌ಕ್ಯಾಂಡಿಯವನು ತನ್ನ ಪೀಪಿಯನ್ನು ಬೀದಿಯ ತುದಿಯಲ್ಲೇ ಜೇಬಿಗಿಳಿಸಿದ್ದ. ಸಾಹೇಬರು ದೇವೀರಕ್ಕನ ಮನೆಯ ಮುಂದೆ ಎರಡು ಗಂಟೆ ಕುರ್ಚಿ ಹಾಕಿಸಿಕೊಂಡು ಕೂತರು, ಮೂರು ಸಲ ಟೀ ಕುಡಿದರು, ಅವಳು ಮಾಡಿಕೊಟ್ಟ ಚುರುಮುರಿ ತಿಂದರು. ‘ಎಂಥ ಶಾಂತವಾದ ಬೀದಿ ರೀ! ನಮ್ಮ ಕಡೆ ಇಂಥದ್ದು ನೋಡಿಲ್ಲ’ ಎಂದು ನನ್ನೆದುರೇ ಹೊಗಳಿದರು. ಹೋಗುವಾಗ ಬರೆದರು: ‘ನೀರು ಕಂಡುಬಂದಿಲ್ಲ. ಅರ್ಜಿದಾರಳು ನಗುನಗುತ್ತ ಉಪಚರಿಸಿದ್ದಾಳೆ. ಅಂಗವೈಕಲ್ಯ: ಸೊನ್ನೆ.’

ನಾವು ಅವಳನ್ನು ಅಷ್ಟು ಚೆನ್ನಾಗಿ ನೋಡಿಕೊಂಡಿದ್ದೆವು, ಅವಳಿಗೆ ಏನೂ ಆಗಿಲ್ಲ ಎಂದು ಸಾಬೀತು ಮಾಡಿಬಿಟ್ಟಿದ್ದೆವು.

ಉಳಿದದ್ದು ಒಂದೇ ದಾರಿ. ಬುಧವಾರ ಸರ್ಕಾರಿ ಆಸ್ಪತ್ರೆಯಲ್ಲಿ ಕೂರುವ ವೈದ್ಯರ ಮಂಡಳಿಯ ಮುಂದೆ ಹಾಜರಾಗಬೇಕು. ಅದಕ್ಕೆ ಮುಂಚಿನ ಶನಿವಾರ ದಾದಾಪೀರನ ಅಂಗಡಿಯಲ್ಲಿ ಸೇರಿದೆವು. ಶನಿವಾರ ಮಧ್ಯಾಹ್ನ ಅಲ್ಲಿ ಓದು ನಡೆಯುತ್ತದೆ. ಸುಲೋಚನಾ ಮೇಡಂ ಹದಿನಾರು ವರ್ಷದ ಹಿಂದೆ ಶುರು ಮಾಡಿದ್ದು. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಟ್ಯೂಬು ತೇಪೆ ಹಾಕುತ್ತಲೋ ಹುಣಸೆಹಣ್ಣು ಬಿಡಿಸುತ್ತಲೋ ಕೇಳಬೇಕು, ತಕರಾರಿದ್ದರೆ ನಡುವೆಯೇ ತೆಗೆಯಬೇಕು. ನಾನು ಅಕ್ಷರ ಕಲಿತದ್ದೂ ತಕರಾರು ಕಲಿತದ್ದೂ ಅಲ್ಲೇ.

ಅವತ್ತು ದಾದಾಪೀರ್ ವಾಲ್ವುಗಳ ಡಬ್ಬಿಯಿಂದ ಒಂದು ಸೀಟಿ ತೆಗೆದ. ಹಿತ್ತಾಳೆಯದು, ಸಣ್ಣ ಸರಪಳಿ ಇರುವುದು. ದೇವೀರಕ್ಕನದೇ. ಆಸ್ಪತ್ರೆಯಿಂದ ಬಂದ ದಿನ ‘ಇದನ್ನ ನನ್ನ ಕಣ್ಣಿಗೆ ಬೀಳದ ಹಾಗೆ ಇಡಪ್ಪ’ ಎಂದು ಅವಳು ಅವನಿಗೆ ಕೊಟ್ಟಿದ್ದಳು.

‘ಅಕ್ಕಾ, ಬೈಬೇಡ. ಒಂದೇ ಒಂದು ಸಲ. ಡಾಕ್ಟರ ಮುಂದೆ ಊದಿಬಿಟ್ಟರೆ ಅವರ ಪ್ಯಾಂಟು ಒದ್ದೆಯಾಗುತ್ತೆ, ನಮ್ಮ ಕೆಲಸ ಆಗುತ್ತೆ’ ಅಂದ.

ದೇವೀರಕ್ಕ ಸೀಟಿಯ ಕಡೆ ನೋಡಲಿಲ್ಲ. ‘ಊದೋ. ಮುಳುಗೋಳು ನಾನು ತಾನೆ. ಎಷ್ಟೋ ಸಲ ಮುಳುಗಿದೀನಿ’ ಅಂದಳು. ದಾದಾಪೀರ್ ಸೀಟಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಟೈರಿನ ಮೇಲೆ ಕೂತುಬಿಟ್ಟ. ಆರಡಿ ಆಳು, ಮೂಗು ಒರೆಸಿಕೊಳ್ಳತೊಡಗಿದ.

‘ಅಳೋದು ಆಮೇಲೆ’ ಎಂದು ಸುಲೋಚನಾ ಮೇಡಂ ನನ್ನ ಕಡೆ ತಿರುಗಿದರು. ‘ಸಾಕಮ್ಮ, ಆ ಅರ್ಜಿ ಜೊತೆ ಒಂದು ಪುಸ್ತಕ ಕೊಟ್ಟಿದ್ರಲ್ಲ, ಮಂಡಳಿಯವರು ಏನೇನು ನೋಡಬೇಕು ಅಂತ. ಯಾರಾದ್ರೂ ಓದಿದ್ದೀರಾ?’

ಯಾರೂ ಓದಿರಲಿಲ್ಲ. ವಾರ ವಾರ ಕತೆ ಕಾದಂಬರಿ ಓದುವ ನಾವು, ನಮ್ಮ ಹಣೆಬರಹ ಇರುವ ಎಂಟು ಪುಟವನ್ನು ಬಿಚ್ಚಿ ನೋಡಿರಲಿಲ್ಲ. ನಾನು ಗಟ್ಟಿಯಾಗಿ ಓದಿದೆ. ಕಲ್ಲಿನಂಥ ಕನ್ನಡ. ಒಂದೊಂದು ವಾಕ್ಯವನ್ನೂ ಒಡೆದು ಒಡೆದು ತಿಳಿಯಬೇಕಾಯಿತು. ಮುಗಿಯುವ ಹೊತ್ತಿಗೆ ಒಂದು ಗಂಟೆಯಾಗಿತ್ತು. ‘ಇನ್ನೊಂದು ಸಲ ಓದು’ ಅಂದರು ಮೇಡಂ. ಓದಿದೆ. ಅವರು ಕನ್ನಡಕ ತೆಗೆದರು. ‘ನೀರು ಎಲ್ಲಿದೆಯೇ ಇದರಲ್ಲಿ?’

ಇರಲಿಲ್ಲ. ಮೊದಲಿಂದ ಕೊನೆತನಕ ನೀರಿನ ಸುದ್ದಿಯೇ ಇರಲಿಲ್ಲ. ಇದ್ದದ್ದು ನಾಲ್ಕು ವಿಷಯ: ತನ್ನನ್ನು ತಾನು ನೋಡಿಕೊಳ್ಳುತ್ತಾಳೆಯೇ, ಜನರ ಜೊತೆ ಬೆರೆಯುತ್ತಾಳೆಯೇ, ಹೇಳಿದ್ದು ತಿಳಿದು ಉತ್ತರ ಕೊಡುತ್ತಾಳೆಯೇ, ಕೆಲಸ ಮಾಡಬಲ್ಲಳೇ; ಒಂದೊಂದಕ್ಕೂ ಬೇರೆಯವರ ನೆರವು ಎಷ್ಟು ಬೇಕು, ಎಷ್ಟು ವರ್ಷದಿಂದ ಹೀಗೆ. ಅಷ್ಟೇ. ಈ ಊರಿನಲ್ಲಿ ಹುಟ್ಟಿ ಬೆಳೆದ ನಾವು, ಹೊರಗೆ ಬರುವುದೇ ಕಾಯಿಲೆ ಅಂದುಕೊಂಡಿದ್ದೆವು. ದೇವೀರಕ್ಕ ಮೂರು ವರ್ಷದಿಂದ ಪೇಟೆಗೆ ಒಬ್ಬಳೇ ಹೋಗಿರಲಿಲ್ಲ. ನಾವು ನೆಲ ಒರೆಸುತ್ತಲೇ ಇದ್ದೆವು.

ಬುಧವಾರ ಹೋದೆವು. ಕಾಲಿಲ್ಲದವರಿಗೆ ಕಾಲಿಲ್ಲ ಎಂದು ಬರೆದುಕೊಡುವ ಕೋಣೆಯನ್ನು ಎರಡನೆಯ ಮಹಡಿಯಲ್ಲಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಲಿಫ್ಟಿನ ಬಾಗಿಲಿಗೆ ಹಗ್ಗ ಕಟ್ಟಿತ್ತು. ದಾದಾಪೀರ್ ಒಬ್ಬ ಅಜ್ಜನನ್ನೂ, ಪೋಲಿಯೋ ಆದ ಒಬ್ಬ ಹೆಣ್ಣುಮಗಳನ್ನೂ ಎತ್ತಿ ಮೇಲೆ ಮುಟ್ಟಿಸಿ, ಬೆವರು ಒರೆಸಿಕೊಳ್ಳುತ್ತ ನಮ್ಮ ಜೊತೆ ಒಳಗೆ ಬಂದ. ಮೇಜಿನ ಹಿಂದೆ ವಯಸ್ಸಾದ ಡಾಕ್ಟರು, ಪಕ್ಕದಲ್ಲಿ ಫೈಲು ಹಿಡಿದ ಶೇಷಗಿರಿ. ಡಾಕ್ಟರು ಕೆಟ್ಟವರಂತೆ ಕಾಣಲಿಲ್ಲ, ದಣಿದವರಂತೆ ಕಂಡರು.

‘ನೀರು ಬರಲಿಲ್ಲ ಅಂತ ರಿಪೋರ್ಟ್ ಇದೆಯಲ್ಲಮ್ಮ.’

‘ಸೀಟಿ ಊದಿದ್ರೆ ಬರುತ್ತಂತೆ ಸಾರ್’ ಅಂದ ಶೇಷಗಿರಿ.

‘ಊದಿ ಮತ್ತೆ, ನೋಡೋಣ’ ಅಂದರು ಡಾಕ್ಟರು, ನಾಲಗೆ ಚಾಚು ಅನ್ನುವಷ್ಟು ಸಲೀಸಾಗಿ.

ದೇವೀರಕ್ಕ ದಾದಾಪೀರನ ಮುಂದೆ ಅಂಗೈ ಚಾಚಿದಳು. ‘ಕೊಡೋ.’ ಅವನು ನನ್ನ ಮುಖ ನೋಡಿದ. ‘ಅವಳ ಮುಖ ಏನು ನೋಡ್ತೀಯ? ನನ್ನ ಸೀಟಿ, ಕೊಡು.’ ಕೊಟ್ಟ. ಸರಪಳಿ ಕಿಣಿಕಿಣಿ ಅನ್ನುತ್ತಿತ್ತು. ಸೀಟಿ ತುಟಿಯ ತನಕ ಹೋಯಿತು. ನಾನು ಮಣಿಕಟ್ಟು ಹಿಡಿದೆ.

‘ಬಿಡು ಸಾಕಿ. ಇದೊಂದು ಆಗಿಹೋಗ್ಲಿ.’

‘ಬಿಡಲ್ಲ.’

‘ಏನ್ರಮ್ಮ ಇದು, ಹೊರಗೆ ನಲವತ್ತು ಜನ ಕಾಯ್ತಿದ್ದಾರೆ!’ ಎಂದು ಡಾಕ್ಟರು ಬಾಗಿಲ ಕಡೆ ಸರಕ್ಕನೆ ಕೈ ಎತ್ತಿದರು.

ಆ ಕೈ ನನ್ನ ಮೇಲೆ ಎತ್ತಿದ್ದಲ್ಲ. ಆದರೆ ನನ್ನ ಮೈಗೆ ಅದು ಗೊತ್ತಾಗುವುದಿಲ್ಲ. ಛಿಲ್ ಎಂದು ಹಸಿರು ಚೂರುಗಳು ಕಾಲ ಸುತ್ತ ಉದುರಿದವು. ಒಂದೆರಡು ಡಾಕ್ಟರ ಬೂಟಿನ ತನಕ ಉರುಳಿದವು.

‘ಇದೇನಮ್ಮ?’

‘ಇದು ನಂದು ಸಾರ್. ಇದಕ್ಕೆ ಅರ್ಜಿ ಹಾಕಿಲ್ಲ.’

ದೇವೀರಕ್ಕ ಸೀಟಿಯನ್ನು ಮೇಜಿನ ಮೇಲಿಟ್ಟಳು. ಏನೂ ಆಗಿಲ್ಲವೆಂಬಂತೆ ಕುಕ್ಕರಗಾಲಲ್ಲಿ ಕೂತು ಚೂರುಗಳನ್ನು ಸೆರಗಿಗೆ ಆಯತೊಡಗಿದಳು. ಮೂರು ವರ್ಷದಿಂದ ನಾನು ಅವಳ ಮೆಕ್ಕಲು ಗೋರುತ್ತಿದ್ದೆ, ಅವಳು ನನ್ನ ಗಾಜು ಆಯುತ್ತಿದ್ದಳು. ಅದು ನಮಗೆ ಹಾಲು ಕಾಯಿಸಿದ ಹಾಗೆ, ಅಂಗಳ ಗುಡಿಸಿದ ಹಾಗೆ. ‘ಕಾಲೆತ್ತು ಸಾಕಿ, ಚುಚ್ಚುತ್ತೆ. ಸಾರ್, ನೀವೂ ಸ್ವಲ್ಪ ಕಾಲು’ ಅಂದಳು. ಡಾಕ್ಟರು ಬೂಟನ್ನು ಹಿಂದಕ್ಕೆಳೆದುಕೊಂಡರು.

ಆಗ ನನಗೆ ಧ್ವನಿ ಬಂತು. ಶನಿವಾರದ ಧ್ವನಿ. ಎಂಟು ಪುಟದ ಪುಸ್ತಕವನ್ನು ಬಿಚ್ಚಿದೆ. ‘ಸಾರ್, ನಿಮ್ಮ ಸರ್ಕಾರದ ಕಾಗದ ಎರಡೆರಡು ಸಲ ಓದಿದೀವಿ. ಇದರಲ್ಲಿ ನೀರು ತೋರಿಸಿ ಅಂತ ಎಲ್ಲೂ ಇಲ್ಲ. ನಾಲ್ಕು ಪ್ರಶ್ನೆ ಇವೆ. ಮೂರು ವರ್ಷದಲ್ಲಿ ಅದನ್ನ ಯಾರೂ ಇವಳನ್ನ ಕೇಳಿಲ್ಲ. ನೀವು ಕೇಳಿ.’

ಶೇಷಗಿರಿ ಬಾಯಿ ತೆರೆದ. ಡಾಕ್ಟರು ಅವನ ಕಡೆ ನೋಡದೆ ಪುಸ್ತಕಕ್ಕೆ ಕೈ ಚಾಚಿದರು. ಈ ಸಲ ನಿಧಾನವಾಗಿ. ಓದಿದರು. ಆಮೇಲೆ ದೇವೀರಕ್ಕನಿಗೆ ಕುರ್ಚಿ ತೋರಿಸಿ ಕೇಳಿದರು: ‘ಅಂಗಡಿಗೆ ಹೋಗ್ತೀರಾ?’

‘ಹೋಗ್ತೀನಿ ಸಾರ್.’

‘ಒಬ್ಬರೇ?’

‘ಇಲ್ಲ. ಇವನು ಮುಂದೆ ಹೋಗ್ತಾನೆ, ಬಸ್ಸು ಇಲ್ಲ ಅಂತ ನೋಡಿ ಕೈ ಬೀಸ್ತಾನೆ. ಆಮೇಲೆ ನಾನು.’

‘ಅಡುಗೆ?’

‘ಮಾಡ್ತೀನಿ ಸಾರ್. ಅಕ್ಕಪಕ್ಕದವರು ಕುಕ್ಕರು ಇಡಲ್ಲ, ಅದಕ್ಕೆ ಮಾಡ್ತೀನಿ.’

‘ನಿದ್ದೆ?’

‘ಸಾಕಿ ಇಸ್ತ್ರಿ ಮಾಡೋವಾಗ ಮಧ್ಯಾಹ್ನ ಒಂದಿಷ್ಟು ಬರುತ್ತೆ. ಯಾರೋ ಎಚ್ಚರ ಇದ್ದಾರಲ್ಲ ಅಂತ.’

ನನಗೇ ಅದು ಗೊತ್ತಿರಲಿಲ್ಲ. ಡಾಕ್ಟರು ಬರೆದುಕೊಳ್ಳುತ್ತಿದ್ದರು.

‘ನಿಮ್ಮ ಬೀದಿಯವರೆಲ್ಲ ಇಲ್ಲದಿದ್ದಿದ್ರೆ?’

ಅವಳು ಸೆರಗಿನಲ್ಲಿದ್ದ ಚೂರುಗಳನ್ನು ನೋಡಿಕೊಂಡಳು. ‘ಇಲ್ಲದಿದ್ರೆ ನಿಮ್ಮ ಮುಂದೆ ಕೂತಿರ್ತಿರಲಿಲ್ಲ ಸಾರ್. ಆ ಒಂಬತ್ತು ಜನರ ಹಿಂದೆ ಹೋಗಿರ್ತಿದ್ದೆ.’

‘ಕೆಲಸಕ್ಕೆ ಯಾಕೆ ಹೋಗೋಕಾಗಲ್ಲ ಅಂತ ನಿಮ್ಮ ಮಾತಲ್ಲಿ ಹೇಳಿ.’

ಅವಳು ಚೂರುಗಳಿದ್ದ ಸೆರಗನ್ನು ಗಂಟು ಹಾಕಿಕೊಂಡಳು. ‘ಎಲ್ಲರೂ ತಡೆಗೋಡೆ ತಡೆಗೋಡೆ ಅಂತಾರೆ ಸಾರ್. ಹೌದು, ಇರಲಿಲ್ಲ. ಆದ್ರೆ ಬಸ್ಸು ಹೊರಟದ್ದು ನಾನು ಊದಿದ್ದಕ್ಕೆ. ಕಿಟಕಿ ಪಕ್ಕ ಒಬ್ಬರು ನಿದ್ದೆ ಮಾಡ್ತಿದ್ರು. ಅವರ ಊರು ಮುಂದಿನ ಸ್ಟಾಪು. ಅಲ್ಲಿ ಎಬ್ಬಿಸೋಣ ಅಂದ್ಕೊಂಡಿದ್ದೆ.’

ಈ ಮಾತನ್ನು ಅವಳು ನನಗೂ ಹೇಳಿರಲಿಲ್ಲ. ದಾದಾಪೀರ್ ಗೋಡೆಯ ಕಡೆ ತಿರುಗಿ ನಿಂತ. ಯಾರೂ ಸೀಟಿ ಊದಿರಲಿಲ್ಲ. ಅದು ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಆದರೂ ನೆಲದ ಕಲ್ಲುಗಳ ಸಂದಿನಿಂದ ನೀರು ಒಸರತೊಡಗಿತು. ಎರಡನೆಯ ಮಹಡಿಯಲ್ಲಿ, ಕೆಸರುಬಣ್ಣದ ನಾಲೆ ನೀರು, ಮೆಲ್ಲಗೆ, ಹಿಮ್ಮಡಿ ಮುಳುಗುವಷ್ಟು.

‘ಸಾರ್, ಸಾರ್! ನೀರು!’ ಎಂದು ಶೇಷಗಿರಿ ಕೂಗಿದ.

‘ಇರಲಿ ಬಿಡ್ರಿ. ಇದರಲ್ಲಿ ಅದನ್ನ ಕೇಳಿಲ್ಲ’ ಅಂದರು ಡಾಕ್ಟರು. ಬರೆಯುತ್ತಲೇ ಎರಡೂ ಕಾಲೆತ್ತಿ ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟುಕೊಂಡರು, ನಮ್ಮ ಬೀದಿಯಲ್ಲೇ ಹುಟ್ಟಿ ಬೆಳೆದವರ ಹಾಗೆ.

ಐವತ್ತೈದು ಪರ್ಸೆಂಟು ಬರೆದರು. ನಲವತ್ತಿದ್ದರೆ ಸಾಕಿತ್ತು. ಕೆಳಗೆ ‘ಐದು ವರ್ಷದ ನಂತರ ಮರುಪರಿಶೀಲನೆ’ ಎಂದೂ ಸೇರಿಸಿದರು. ಒಂಬತ್ತು ಜನ ಎದ್ದು ಬರುತ್ತಾರೇನೋ ಎಂದು ಸರ್ಕಾರ ಕಾದು ನೋಡಬೇಕಲ್ಲ. ಲಿಫ್ಟಿನ ಬಗ್ಗೆ ಮೇಡಂ ಬರೆದ ಅರ್ಜಿ ಈಗ ಪರಿಶೀಲನೆಯಲ್ಲಿದೆ. ನಾವು ವಾರಕ್ಕೊಮ್ಮೆ ಹೋಗಿ ಕೇಳಿ ಬರುತ್ತೇವೆ, ಒಬ್ಬರಾದ ಮೇಲೆ ಒಬ್ಬರು. ಶೇಷಗಿರಿ ನಮ್ಮನ್ನು ಕಂಡರೆ ಊಟಕ್ಕೆ ಎದ್ದು ಹೋಗುತ್ತಾನೆ, ಬೆಳಿಗ್ಗೆ ಹತ್ತು ಗಂಟೆಗಾದರೂ ಸರಿಯೇ.

ಡಿಪೊದವರು ದೇವೀರಕ್ಕನಿಗೆ ಹಿಂದಿನ ಕಟ್ಟಡದಲ್ಲಿ ಕೆಲಸ ಕೊಟ್ಟರು. ಜನ ಬಸ್ಸಿನಲ್ಲಿ ಮರೆತು ಹೋದ ಸಾಮಾನುಗಳನ್ನು ಇಡುವ ಕೋಣೆ. ಕೊಡೆ, ಟಿಫಿನ್ ಡಬ್ಬಿ, ಒಂದು ಸಲ ಹಲ್ಲಿನ ಸೆಟ್ಟು. ಅಲ್ಲಿಗೆ ಸೀಟಿ ಕೇಳುವುದಿಲ್ಲ. ಸೇರುವ ದಿನ ಬೆಳಿಗ್ಗೆ ನನ್ನ ಅಂಗಡಿಗೆ ಬಂದು, ‘ಹೊಸ ಖಾಕಿ ಹೊಲಿಸೋಕೆ ಹೊತ್ತಿಲ್ಲ ಕಣೆ, ಏನು ಮಾಡ್ಲಿ?’ ಅಂದಳು. ನಾನು ಮೇಲಿನ ಹಲಗೆಯಿಂದ ಅವಳ ಖಾಕಿ ಅಂಗಿ ಇಳಿಸಿದೆ. ನಾಲೆಗೆ ಬಸ್ಸು ಬೀಳುವ ಹಿಂದಿನ ದಿನ ಇಸ್ತ್ರಿಗೆ ಕೊಟ್ಟದ್ದು. ಅವಳು ಮಡಿಕೆ ಮುಟ್ಟಿ ನೋಡಿದಳು. ಬಿಸಿಯಿತ್ತು.

‘ಇದನ್ನ ಯಾವಾಗ ಮಾಡಿದೆ?’

‘ಪ್ರತಿ ಸೋಮವಾರ.’

‘ಮೂರು ವರ್ಷ?’

‘ಸುಕ್ಕು ಬೀಳುತ್ತಲ್ಲ.’

‘ಹುಚ್ಚಿ’ ಅಂದಳು. ಅಲ್ಲೇ ಸೀರೆಯ ಮೇಲೆ ತೊಟ್ಟುಕೊಂಡು, ಗುಂಡಿ ಹಾಕಿಕೊಂಡು, ಕನ್ನಡಿಯಿಲ್ಲದ್ದರಿಂದ ನನ್ನ ಮುಖ ನೋಡಿದಳು. ಸ್ವಲ್ಪ ಸಡಿಲವಾಗಿತ್ತು. ಚೆನ್ನಾಗಿತ್ತು. ದಾದಾಪೀರ್ ಆಗಲೇ ಬೀದಿಯ ತಿರುವಿನಲ್ಲಿ ನಿಂತು, ಬಾ ಎಂದು ಕೈ ಬೀಸುತ್ತಿದ್ದ.

ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. ಚೀಲದಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಅಂಗವೈಕಲ್ಯದ ಸರ್ಟಿಫಿಕೇಟಿನದೇ ಅರ್ಜಿ ಫಾರಂ. ಹೆಸರಿನ ಜಾಗದಲ್ಲಿ ಅವಳ ಕೈಬರಹದಲ್ಲಿ ‘ಸಾಕಮ್ಮ’ ಎಂದಿತ್ತು. ಉಳಿದದ್ದೆಲ್ಲ ಖಾಲಿ.

‘ಶನಿವಾರ ಓದೋಣ. ಈ ಸಲ ನಿಂದು’ ಅಂದಳು. ನಾನೇನಾದರೂ ಹೇಳುವ ಮೊದಲೇ ಹೊರಟುಬಿಟ್ಟಳು.

ಅವಳು ತಿರುವು ದಾಟುವ ತನಕ ನೋಡುತ್ತ ನಿಂತಿದ್ದೆ. ಆಮೇಲೆ ಆ ಕಾಗದವನ್ನು ಬಿಚ್ಚಿ, ಮಡಿಕೆಯ ಗೆರೆಗಳ ಮೇಲೆ ಇಸ್ತ್ರಿಯನ್ನು ಹಗುರಾಗಿ ಆಡಿಸಿ, ಖಾಕಿ ಅಂಗಿ ಇದ್ದ ಜಾಗದಲ್ಲಿ, ನೀರು ಮುಟ್ಟದ ಹಲಗೆಯ ಮೇಲೆ ಇಟ್ಟೆ.